ತಲೆಕೆಳಗಿನ ನಲವತ್ತೆಂಟು

ಆ ವರ್ಕ್‌ಶಾಪಿನಲ್ಲಿ ಮೊದಲ ದಿನವೇ ಅವನಿಗೆ ‘ಟೀವಿ’ ಎಂದು ಹೆಸರು ಬಿತ್ತು. ಟೀವಿ ಕಾರ್ಖಾನೆಯಿಂದ ಬಂದವನು ಎಂಬುದಷ್ಟೇ ಕಾರಣ. ನಲವತ್ತೆರಡು ವರ್ಷದ, ಇಬ್ಬರು ಮಕ್ಕಳ ತಂದೆಯನ್ನು ಹಾಗೆ ಕರೆಯಬಹುದೇ ಎಂದು ಯಾರೂ ಕೇಳಲಿಲ್ಲ, ಅವನೂ ಬೇಡವೆನ್ನಲಿಲ್ಲ. ಹದಿನೈದು ವರ್ಷ ದುಡಿದ ಕಾರ್ಖಾನೆ ಬಾಗಿಲು ಹಾಕಿಕೊಂಡ ಮೇಲೆ ಎಂಟು ತಿಂಗಳು ಮನೆಯಲ್ಲಿ ಕೂತವನಿಗೆ, ಬೆಳಗಾದರೆ ಕರೆಯುವವರಿದ್ದಾರೆ ಎಂಬುದೇ ದೊಡ್ಡದಾಗಿತ್ತು.

ಕಾರ್ಖಾನೆಯಲ್ಲಿ ಅವನ ಕೆಲಸ ಟೀವಿಗಳ ಮೈಮೇಲೆ ಅಕ್ಷರ, ಚಿತ್ರ, ಬಣ್ಣ ಅಚ್ಚು ಹಾಕುವುದು. ಹಳದಿ ತೂತಿಗೆ ಹಳದಿ ವೈರು, ಕೆಂಪು ತೂತಿಗೆ ಕೆಂಪು ವೈರು. ಸದ್ದು ಹೆಚ್ಚಿಸುವ ಗುಂಡಿಯ ಪಕ್ಕ ಪುಟ್ಟ ಕಹಳೆಯ ಚಿತ್ರ. ಓದು ಬಾರದ ಅಜ್ಜಿಯೂ, ಬಂದರೂ ಓದಲು ಒಲ್ಲದ ಅಳಿಯನೂ ಮೊದಲ ಸಲಕ್ಕೇ ಸರಿಯಾಗಿ ಸಿಕ್ಕಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಅಲ್ಲಿ ಅತಿ ದೊಡ್ಡ ಪಾಪವೆಂದರೆ ತಲೆಕೆಳಗು ಅಚ್ಚು. ಒಮ್ಮೆ ಯಾರೋ ತಗಡನ್ನು ತಿರುಗಿಸಿ ಇಟ್ಟಿದ್ದಕ್ಕೆ ಎರಡು ಸಾವಿರ ಹಿಂಬದಿಗಳು ಗುಜರಿಗೆ ಹೋದವು. ಆ ಪಾಳಿಯಲ್ಲಿ ಇದ್ದವರೆಲ್ಲ ಮೇಲಿನವರ ಬಾಯಿಗೆ ಬಿದ್ದರು. ಟೀವಿಯೂ ಇದ್ದ. ಅಂದಿನಿಂದ ತಲೆಕೆಳಗಿನ ಅಕ್ಷರ ಕಂಡರೆ ಅವನಿಗೆ ಹಾವು ಕಂಡ ಹಾಗೆ.

ಈಗ ಸೇರಿದ ವರ್ಕ್‌ಶಾಪಿನಲ್ಲಿ ನಾಟಕದ ರಂಗಮಂದಿರಗಳಿಗೂ ರೇಡಿಯೋ ಕೇಂದ್ರಗಳಿಗೂ ಸೌಂಡ್ ಮಿಕ್ಸರ್ ಮಾಡುತ್ತಿದ್ದರು. ಹಲವು ಮೈಕುಗಳ ಸದ್ದನ್ನು ಒಂದು ಮೇಜಿನ ಮೇಲೆ ತಂದು, ಬೇಕಾದಷ್ಟು ಬೆರೆಸಿ ಹೊರಗೆ ಕಳಿಸುವ ಯಂತ್ರ. ಕೆಲಸ ಸಿಕ್ಕ ದಿನ ಅವನ ತಾಯಿ ಕೇಳಿದ್ದರು: “ರುಬ್ಬೋ ಮಿಕ್ಸರಾ?”

“ಅಲ್ಲಮ್ಮ. ಸದ್ದು ಬೆರೆಸೋದು.”

“ಸದ್ದು ಈ ಮನೇಲೇ ಬೇಕಾದಷ್ಟಿದೆ. ಅದಕ್ಕೊಂದು ಮೆಷಿನ್ ಬೇರೆ ಬೇಕಾ?”

ಯಜಮಾನರು ಕೆಲಸ ಕೊಡುವಾಗ ಒಂದು ಮಾತು ಹೇಳಿದ್ದರು. “ಮೂರು ತಿಂಗಳು ನೋಡೋಣಪ್ಪ. ನಿನಗೂ ನಮಗೂ ಹೊಂದಿಕೆ ಆದ್ರೆ ಖಾಯಂ. ಇಲ್ಲಾಂದ್ರೆ ಮನಸ್ಸಿಗೆ ಹಚ್ಕೋಬೇಡ.” ಮನಸ್ಸಿಗೆ ಹಚ್ಚಿಕೊಳ್ಳದೆ ಇರುವುದು ಹೇಗೆಂದು ಅವರು ಹೇಳಲಿಲ್ಲ. ಎಂಟು ತಿಂಗಳಲ್ಲಿ ಅವನ ಹಿರಿಮಗಳು ಏನನ್ನೂ ಕೇಳದಿರುವುದನ್ನು ಕಲಿತುಬಿಟ್ಟಿದ್ದಳು. ಅಂಗಡಿಯ ಮುಂದೆ ಹಾಯುವಾಗ ಮುಖವನ್ನೇ ಆ ಕಡೆ ತಿರುಗಿಸುತ್ತಿರಲಿಲ್ಲ. ಆ ಮುಖ ಮತ್ತೆ ತಿರುಗುವುದನ್ನು ನೋಡಬೇಕು ಎಂಬುದೊಂದೇ ಅವನ ಆಸೆ. ಮೂರು ತಿಂಗಳು ಮುಗಿಯುವುದು ಈ ಶುಕ್ರವಾರ.

ಅವನಿಗೆ ಕೆಲಸ ಕಲಿಸುತ್ತಿದ್ದವರು ಅಕ್ಷರದಕ್ಕ. ಅರವತ್ತರ ಹತ್ತಿರದ ಹೆಂಗಸು, ಮೂವತ್ತು ವರ್ಷದಿಂದ ಅದೇ ಕಿಟಕಿಯ ಕೆಳಗೆ, ಅದೇ ಕೆತ್ತುವ ಯಂತ್ರದ ಮುಂದೆ ಕೂತವರು. ಆ ಯಂತ್ರಕ್ಕೆ ಎರಡು ಕೈ. ಒಂದು ಕೈಯ ಮೊನೆಯನ್ನು ಹಿತ್ತಾಳೆಯ ಅಚ್ಚಿನ ಅಕ್ಷರದ ಮೇಲೆ ಆಡಿಸಿದರೆ, ಇನ್ನೊಂದು ಕೈಯ ಮೊನೆ ಅದೇ ಅಕ್ಷರವನ್ನು ಅಕ್ಕಿಕಾಳಿನಷ್ಟು ಚಿಕ್ಕದಾಗಿ ಕಪ್ಪು ತಗಡಿನ ಮೇಲೆ ಕೆತ್ತುತ್ತಿತ್ತು. ಆಮೇಲೆ ಗೀರಿಗೆ ಬಿಳಿ ಬಣ್ಣ ತುಂಬಿ ಒರೆಸಿದರೆ ಆಯಿತು. ಇಪ್ಪತ್ತು ವರ್ಷ ಉಜ್ಜಿದರೂ ಅಳಿಯದು.

ಮೊದಲ ವಾರ ಅವನಿಗೆ ಅಲ್ಲಿನ ತಗಡುಗಳು ಮೂಗರ ಹಾಗೆ ಕಂಡಿದ್ದವು. ಚಿತ್ರವಿಲ್ಲ, ಬಣ್ಣವಿಲ್ಲ, ಎರಡಕ್ಷರಕ್ಕಿಂತ ಉದ್ದದ ಮಾತಿಲ್ಲ. “ಇದನ್ನ ನೋಡಿ ಯಾರಿಗೆ ಏನು ಗೊತ್ತಾಗುತ್ತೆ ಅಕ್ಕಾ?” ಎಂದು ಕೇಳಿದ್ದ.

“ಗೊತ್ತಿಲ್ಲದವರು ಇದನ್ನ ಮುಟ್ಟೋದೇ ಇಲ್ಲವಲ್ಲಪ್ಪ,” ಎಂದಿದ್ದರು ಅಕ್ಕ. “ನಿಮ್ಮ ಟೀವಿ ಕೊಂಡವನು ವರ್ಷಕ್ಕೊಂದು ಸಲ ವೈರು ಮುಟ್ಟಿದರೆ ಹೆಚ್ಚು. ಅವನಿಗೆ ಕೈ ಹಿಡಿದು ತೋರಿಸಬೇಕು. ಇವರು ದಿನಕ್ಕೆ ಸಾವಿರ ಸಲ ಮುಟ್ಟೋರು. ಇವರಿಗೆ ಅಡ್ಡ ಬರಬಾರದು, ಅಷ್ಟೇ.”

ಅಡ್ಡ ಬಾರದಿರುವುದಕ್ಕೆ ಎಷ್ಟು ಯೋಚನೆ ಬೇಕು ಎಂಬುದು ದಿನ ಕಳೆದಂತೆ ಅವನಿಗೆ ತಿಳಿಯುತ್ತ ಬಂತು. ತಿರುಗಿಸುವ ಗುಂಡಿಗಳ ಹೆಸರನ್ನು ಅಕ್ಕ ಯಾವಾಗಲೂ ಗುಂಡಿಯ ಮೇಲೆ ಕೆತ್ತುತ್ತಿದ್ದರು, ಕೆಳಗಲ್ಲ. ಕೆಳಗಿದ್ದರೆ ಹಿಡಿದ ಕೈಯೇ ಮುಚ್ಚಿಬಿಡುತ್ತದೆ. ಒಟ್ಟಿಗೆ ಸೇರಿದ ಗುಂಡಿಗಳ ಸುತ್ತ ಕೂದಲೆಳೆಯ ಗೆರೆ. ಎಲ್ಲಕ್ಕಿಂತ ಅವನಿಗೆ ಬೆರಗಾದದ್ದು ಮುಂಬದಿಯ ಉದ್ದಕ್ಕೂ ಎರಡು ಬೆರಳಗಲ ಬಿಟ್ಟ ಖಾಲಿ ಪಟ್ಟಿ. ಬರೆಯಲು ಮರೆತಿರಬೇಕು ಎಂದುಕೊಂಡಿದ್ದ.

“ಅಲ್ಲಿ ನಾವು ಬರೆಯೋ ಹಾಗಿಲ್ಲ,” ಎಂದರು ಅಕ್ಕ. “ಅದು ಅವರದ್ದು. ಇವತ್ತು ಒಂದನೇ ಮೈಕು ರಾಜನ ಪಾತ್ರದವನದ್ದು, ನಾಳೆ ಸೇವಕನದ್ದು. ಟೇಪ್ ಅಂಟಿಸಿ ಅವರೇ ಬರ್ಕೋತಾರೆ, ಕಿತ್ತು ಎಸೀತಾರೆ. ಟೇಪ್ ಚೆನ್ನಾಗಿ ಅಂಟ್ಲಿ, ಸಲೀಸಾಗಿ ಏಳ್ಲಿ ಅಂತ ಆ ಪಟ್ಟಿ ಮಾತ್ರ ನುಣ್ಣಗೆ ಉಜ್ಜಿಸ್ತೀನಿ.”

ಹದಿನೈದು ವರ್ಷದಲ್ಲಿ ಅವನು ಒಂದು ಟೀವಿಯ ಮೇಲೂ ಇಷ್ಟಗಲ ಜಾಗವನ್ನು ಕೊಂಡವರಿಗೆಂದು ಬಿಟ್ಟುಕೊಟ್ಟಿರಲಿಲ್ಲ.

ಆ ಸೋಮವಾರ ಮತ್ತು ಮಂಗಳವಾರ ಅಕ್ಕ ರಜೆ. ಕಣ್ಣಿನ ಡಾಕ್ಟರು ಏನೋ ಹನಿ ಹಾಕಿ ಎರಡು ದಿನ ಬೆಳಕಿಗೆ ಹೋಗಬೇಡಿ ಎಂದಿದ್ದರು. ಹೋಗುವ ಮುಂಚೆ ಟೀವಿಗೆ ಕೆಲಸ ಒಪ್ಪಿಸಿದರು: ಒಂದು ರಂಗಮಂದಿರದ ಹೊಸ ಮಿಕ್ಸರಿನ ಹಿಂಬದಿಯ ಮೂರು ಉದ್ದ ತಗಡುಗಳು. ಒಂದೊಂದರಲ್ಲಿ ಹದಿನಾರು ತೂತು, ಒಟ್ಟು ನಲವತ್ತೆಂಟು. ನಲವತ್ತು ಒಳಗೆ ಬರುವ ವೈರುಗಳಿಗೆ, ಎಂಟು ಹೊರಗೆ ಹೋಗುವುದಕ್ಕೆ. ಪ್ರತಿ ತೂತಿನ ನೆತ್ತಿಯ ಮೇಲೆ ‘ಒಳ’ ಅಥವಾ ‘ಹೊರ’ ಎಂದು, ಮುಂದೆ ಅಂಕಿ. “ನಕ್ಷೆ ನೋಡ್ಕೊಂಡು ಮಾಡಪ್ಪ, ನೀನು ಮಾಡ್ತೀಯ,” ಎಂದು ಹೋದರು. ಭಾನುವಾರ ಅಲ್ಲಿ ಹೊಸ ನಾಟಕ. ಶುಕ್ರವಾರ ಯಂತ್ರ ಹೊರಡಬೇಕು.

ನಕ್ಷೆ ಬಿಡಿಸಿದವನು ಅದನ್ನು ಎರಡು ಸಲ ತಿರುಗಿಸಿ ನೋಡಿದ. ನಲವತ್ತೆಂಟು ಹೆಸರುಗಳೂ ತಲೆಕೆಳಗು. ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನದ ಗುರುತಿತ್ತು. ಅದೇನೆಂದು ಅವನಿಗೆ ಗೊತ್ತಿರಲಿಲ್ಲ, ಕೇಳಲು ಅಕ್ಕ ಇರಲಿಲ್ಲ. ನಕ್ಷೆ ಬರೆದವನು ಹಾಳೆಯನ್ನು ತಿರುಗಿಸಿ ಇಟ್ಟುಕೊಂಡಿರಬೇಕು. ಎರಡು ಸಾವಿರ ಹಿಂಬದಿಗಳು ಕಣ್ಣ ಮುಂದೆ ಬಂದವು. ಯಾರಿಗಾದರೂ ಹೇಳಿ ನಕ್ಷೆಯವನ ಮರ್ಯಾದೆ ಕಳೆಯುವುದು ಬೇಡ ಎಂದುಕೊಂಡು, ತಾನೇ ನೆಟ್ಟಗೆ ತಿರುಗಿಸಿ ಎರಡು ದಿನ ಕೂತು ಕೆತ್ತಿದ. ಬಣ್ಣ ತುಂಬಿದ. ಮಂಗಳವಾರ ಸಂಜೆ ಮನೆಗೆ ಹೋಗುವಾಗ ಒಂದು ವರ್ಕ್‌ಶಾಪನ್ನೇ ಉಳಿಸಿದ ಸಮಾಧಾನ ಅವನ ನಡಿಗೆಯಲ್ಲಿತ್ತು.

ಬುಧವಾರ ಬೆಳಿಗ್ಗೆ ಅಕ್ಕ ಬಂದರು. ತಗಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಕ್ಷರಗಳನ್ನು ಸವರಿದರು.

“ಕೆತ್ತನೆ ಚೆನ್ನಾಗಿದೆ,” ಎಂದರು. ನಕ್ಷೆಯನ್ನು ಪಕ್ಕಕ್ಕೆ ಎಳೆದುಕೊಂಡು, “ಇವನ್ನ ತಿರುಗಿಸಿದ್ದು ಯಾರು?”

“ನಾನೇ ಅಕ್ಕಾ. ನಕ್ಷೇಲಿ ತಲೆಕೆಳಗಾಗಿತ್ತು. ನೋಡ್ಕೊಂಡೆ, ಒಳ್ಳೇದಾಯ್ತು.”

ಆಚೆ ಮೇಜಿನ ಬೆಸುಗೆಯವನು ಕಾವಿನ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು ತಲೆಯೆತ್ತಿದ. “ಒಳ್ಳೇದಾಯ್ತಂತೆ. ಟೀವಿ, ಬೆಕ್ಕು ತಲೆಕೆಳಗೆ ಮಲಗಿದ್ರೂ ನೆಟ್ಟಗೆ ಮಾಡ್ತೀಯೇನಯ್ಯ?”

“ನಿನ್ನ ಕೆಲಸ ನೋಡ್ಕೋ,” ಎಂದರು ಅಕ್ಕ ಅವನಿಗೆ. ಟೀವಿಯ ಕಡೆ ತಿರುಗಿ, “ಚಪ್ಪಲಿ ಹಾಕ್ಕೋ. ಒಂದು ಕಡೆ ಹೋಗಿ ಬರೋಣ.”

ದಾರಿಯುದ್ದಕ್ಕೂ ಅಕ್ಕ ಕಣ್ಣಿಗೆ ಸೆರಗು ಅಡ್ಡ ಹಿಡಿದು ಮುಂದೆ ಮುಂದೆ ನಡೆದರು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತೂತು ಕೊರೆದ ತಗಡು ಮೂರೇ ಇದ್ದವು. ಇನ್ನೊಂದು ಸೆಟ್ ಬೇಕೆಂದರೆ ಹೊರಗಿನ ಅಂಗಡಿಯಿಂದ ಬರಲು ಹತ್ತು ದಿನ ಎಂಬುದು ಅವನಿಗೆ ಗೊತ್ತಿತ್ತು. ಶುಕ್ರವಾರಕ್ಕೆ ಎರಡು ದಿನ. ಅತಿ ಬುದ್ಧಿವಂತನ ಗೋಳು ಎಂದು ಮನೆಯಲ್ಲಿ ಹೆಂಡತಿ ಹೇಳುವ ದನಿ ಈಗಲೇ ಕೇಳಿಸಿದಂತಾಯಿತು.

ಹೊಸ ಮಿಕ್ಸರು ಹೋಗಬೇಕಿದ್ದ ರಂಗಮಂದಿರದ ಒಳಗೆ ಕತ್ತಲೆ. ಕೊನೆಯ ಸಾಲಿನ ಕುರ್ಚಿಗಳ ಹಿಂದೆ ಅವರ ವರ್ಕ್‌ಶಾಪಿನದೇ ಹಳೆಯ ಮಿಕ್ಸರ್ ಇತ್ತು, ಮಂಚದಷ್ಟು ಉದ್ದ. ಅದರ ಬೆನ್ನು ಎದುರಿನ ಮೋಟುಗೋಡೆಗೆ ತಾಗುವಷ್ಟು ಹತ್ತಿರ, ನಡುವೆ ಒಂದು ಗೇಣು ಜಾಗ. ಅದನ್ನು ನಡೆಸುವ ಸೌಂಡಿನವರು ದಪ್ಪ ಮೈಯ, ಮೆಲುದನಿಯ ಮನುಷ್ಯ. ಅಕ್ಕನನ್ನು ಕಂಡು ಎದ್ದು ನಿಂತರು.

“ಇವರು ನಮ್ಮ ಹೊಸಬರು,” ಎಂದರು ಅಕ್ಕ. “ಇವರ ಕೈಲಿ ಒಂದು ವೈರು ತೆಗೆಸಿ ಹಾಕಿಸಿ. ನಾಟಕದ ಮಧ್ಯ ಕೆಟ್ಟರೆ ಹೇಗೋ ಹಾಗೆ.”

ಸೌಂಡಿನವರಿಗೆ ತಮಾಷೆ ಅನ್ನಿಸಿತು. ಮಿಕ್ಸರಿನ ಮೇಲಿನ ಒಂದೇ ದೀಪವನ್ನೂ ಆರಿಸಿ, ಟೀವಿಯ ಕೈಗೆ ಒಂದು ಪುಟ್ಟ ಟಾರ್ಚು ಕೊಟ್ಟರು. “ಹದಿನೇಳನೇ ಮೈಕು ಸತ್ತಿದೆ ಅಂದ್ಕೊಳ್ಳಿ. ರಾಣಿ ಅಳ್ತಾ ಇದ್ದಾಳೆ, ಜನಕ್ಕೆ ಕೇಳಿಸ್ತಿಲ್ಲ. ಹತ್ತು ಉಸಿರು ಟೈಮು. ಹೂಂ.”

ಟೀವಿ ಹಿಂದಕ್ಕೆ ಹೋಗಲು ದಾರಿ ಹುಡುಕಿದ. ಗೇಣಿನಷ್ಟು ಜಾಗದಲ್ಲಿ ಕಾಲೇನೋ ತೂರಿತು, ಮೈ ತೂರಲಿಲ್ಲ.

“ನಾಲ್ಕು ಉಸಿರಾಯ್ತು,” ಎಂದರು ಸೌಂಡಿನವರು.

ಮುಂದಕ್ಕೇ ಓಡಿ ಬಂದು ಮಿಕ್ಸರಿನ ಮೇಲೆ ಹೊಟ್ಟೆ ಊರಿ ಬಗ್ಗಿದ. ಎರಡು ಕೈಯೂ ಬೇಕಾದ್ದರಿಂದ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡ. ತಲೆ ಆಚೆಗೆ ಜೋತುಬಿತ್ತು. ಬೆಳಕು ಹಿಂಬದಿಯ ತಗಡಿನ ಮೇಲೆ ಬಿದ್ದಾಗ, ಇಪ್ಪತ್ತು ವರ್ಷ ಹಳೆಯ ಬಿಳಿ ಅಕ್ಷರಗಳು ಅವನ ಕಣ್ಣಿಗೆ ನೆಟ್ಟಗೆ, ಹಲ್ಲುಸಾಲಿನಂತೆ ಸಾಲಾಗಿ ನಿಂತಿದ್ದವು. ಒಳ ಹದಿನೈದು. ಒಳ ಹದಿನಾರು. ಒಳ ಹದಿನೇಳು. ಕೈ ತಾನಾಗಿ ಹೋಗಿ ವೈರನ್ನು ಹಿಡಿಯಿತು.

ಅವನು ಹಾಗೇ ಸ್ವಲ್ಪ ಹೊತ್ತು ಜೋತುಬಿದ್ದಿದ್ದ. ಇಪ್ಪತ್ತು ವರ್ಷದ ಹಿಂದೆ ಆ ಕಿಟಕಿಯ ಕೆಳಗೆ ಕೂತು ಕೆತ್ತುವಾಗ ಅಕ್ಕ ತಗಡನ್ನು ನೋಡಿರಲಿಲ್ಲ. ಹೀಗೆ ಟಾರ್ಚು ಕಚ್ಚಿ ಜೋತುಬಿದ್ದ ಒಬ್ಬ ಮನುಷ್ಯನನ್ನು ನೋಡಿದ್ದರು. ಅವನ ಕಣ್ಣು ಎಲ್ಲಿರುತ್ತದೆ, ಅವನ ಎದೆ ಎಷ್ಟು ಬಡಿದುಕೊಳ್ಳುತ್ತದೆ ಎಂದು ನೋಡಿದ್ದರು.

“ರಾಣಿ ಅತ್ತು ಮುಗಿಸಿದಳು,” ಎಂದರು ಸೌಂಡಿನವರು ದೀಪ ಹಾಕಿ. “ಪರವಾಗಿಲ್ಲ, ಮೊದಲ ಸಲಕ್ಕೆ ನನಗೆ ಇಷ್ಟೂ ಆಗಿರಲಿಲ್ಲ.”

ಟೀವಿ ಇಳಿದು ಅಂಗಿ ಸರಿಮಾಡಿಕೊಂಡ. “ತಪ್ಪಾಯ್ತು ಅಕ್ಕಾ,” ಎಂದ.

“ಗೊತ್ತಾಯ್ತಲ್ಲ, ಸಾಕು. ಆ ತ್ರಿಕೋನ ಇದೆ ನೋಡು, ಅದು ನೋಡೋ ಕಣ್ಣು ಯಾವ ಕಡೆ ಅನ್ನೋ ಗುರುತು. ಹೇಳದೆ ಹೋಗಿದ್ದು ನನ್ನ ತಪ್ಪು.”

ಹೊರಡಬೇಕು ಎನ್ನುವಾಗ ಟೀವಿಯ ತಲೆಯೊಳಗಿನ ಹಳೆಯ ಕಾರ್ಖಾನೆ ಒಂದು ಪ್ರಶ್ನೆ ಎತ್ತಿತು. “ಸಾರ್, ಬೇರೆ ಊರಿನ ನಾಟಕದವರು ಬಂದ್ರೆ ಅವರೂ ಹೀಗೇ ಬಗ್ಗಿ ವೈರು ಹಾಕ್ತಾರಾ?”

“ಎಲ್ಲಿ. ಅವರು ಬಂದ ದಿನ ಮಿಕ್ಸರನ್ನ ಮುಂದಕ್ಕೆ ಎಳ್ಕೊಂಡು, ಹಿಂದೆ ಕೂತು ನಲವತ್ತೂ ವೈರು ಹಾಕಿ, ಆಮೇಲೆ ತಳ್ತಾರೆ. ಹೊಸಬರು ಪಾಪ. ಕತ್ತು ತಿರುಚಿ ತಿರುಚಿ ಓದಿ, ಈ ಅಕ್ಷರ ಬರೆದವರ ವಂಶಾವಳಿನೆಲ್ಲ ನೆನೆಸ್ಕೋತಾರೆ.”

ಅಕ್ಕ ನಕ್ಕರು. “ನಮ್ಮ ಮನೇಲಿ ಆಗಾಗ ಬಿಕ್ಕಳಿಕೆ ಬರೋದು ಅದಕ್ಕೇ ಇರ್ಬೇಕು.”

ಟೀವಿ ನಗಲಿಲ್ಲ. ವರ್ಕ್‌ಶಾಪಿಗೆ ಮರಳಿದವನೇ ಅಳತೆಪಟ್ಟಿ ತಗೊಂಡು ತನ್ನ ತಗಡುಗಳ ಮುಂದೆ ಕೂತ. ತಾನು ಕೆತ್ತಿದ ಸಾಲಿಗೂ ತಗಡಿನ ಮೇಲಂಚಿಗೂ ನಡುವೆ ಏಳು ಮಿಲಿಮೀಟರ್. ಮೂರು ಮಿಲಿಮೀಟರಿನ ಅಕ್ಷರ ಕೂರುತ್ತದೆ, ಎರಡೂ ಕಡೆ ಎರಡೆರಡು ಉಳಿಯುತ್ತದೆ.

“ಅಕ್ಕಾ, ಇದನ್ನ ಬಿಸಾಕೋದು ಬೇಡ. ಈ ಸಾಲು ಹಿಂದೆ ಕೂತವನಿಗೆ ಇರ್ಲಿ. ಇದರ ಮೇಲೆ ಇನ್ನೊಂದು ಸಾಲು ತಲೆಕೆಳಗು ಕೆತ್ತೋಣ, ಬಗ್ಗಿ ನೋಡೋನಿಗೆ. ಯಾರು ಎಲ್ಲಿಂದ ನೋಡಿದ್ರೂ ಒಂದು ಸಾಲು ನೆಟ್ಟಗಿರುತ್ತೆ.”

ಅಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಆ ಏಳು ಮಿಲಿಮೀಟರು ನಮ್ಮ ಯಂತ್ರದಲ್ಲಿ ತಗಡನ್ನ ಕಚ್ಚಿ ಹಿಡಿಯೋ ಹಿಡಿಕೆ ಕೂರೋ ಜಾಗವಪ್ಪ. ಹಿಡಿಕೆ ಹಾಕಿದ್ರೆ ಕೆತ್ತೋಕಾಗಲ್ಲ. ಹಾಕದಿದ್ರೆ ತಗಡು ಅಲುಗುತ್ತೆ. ಅಲುಗಿದ್ರೆ ಹೋಯ್ತು, ಬೇರೆ ತಗಡಿಲ್ಲ.”

“ಹಾಗಾದ್ರೆ ಬೇಡ್ವಾ?”

“ಬೇಡ ಅಂದ್ನಾ? ಮೂವತ್ತು ವರ್ಷದಲ್ಲಿ ಹಿಂದೆ ಕೂತವನ ಬಗ್ಗೆ ನಾನು ಯೋಚನೆನೇ ಮಾಡಿರ್ಲಿಲ್ಲ. ಬೈಸ್ಕೊಂಡಿದ್ದು ನ್ಯಾಯವೇ.” ಅಕ್ಕ ಎದ್ದು ಕಪಾಟಿನಿಂದ ಎರಡೂ ಕಡೆ ಅಂಟುವ ಟೇಪಿನ ಸುರುಳಿ ತಂದರು. “ನಾಳೆ ಬೇಗ ಬಾ.”

ಗುರುವಾರ ಅಕ್ಕ ಕೆತ್ತಿದ್ದನ್ನು ಟೀವಿ ಎಂದೂ ಮರೆಯಲಿಲ್ಲ. ಯಂತ್ರದ ಹಾಸಿನ ಮೇಲೆ ಟೇಪಿನ ಸಾಲು ಎಳೆದು, ತಗಡನ್ನು ಮೇಲಂಚು ತಮ್ಮ ಕಡೆಗೆ ಬರುವಂತೆ ತಿರುಗಿಸಿ ಅಂಟಿಸಿ, ಅಂಗೈಯಿಂದ ಮಗುವಿನ ಬೆನ್ನು ತಟ್ಟಿದಂತೆ ತಟ್ಟಿ ಕೂರಿಸಿದರು. ಆಮೇಲೆ ಹಿತ್ತಾಳೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಮೊನೆಯನ್ನು ಆಡಿಸತೊಡಗಿದರು. ಅಕ್ಷರದ ತಿರುವಿನಲ್ಲಿ ಉಸಿರು ಹಿಡಿಯುತ್ತಿದ್ದರು, ನೇರಗೀಟಿನಲ್ಲಿ ಬಿಡುತ್ತಿದ್ದರು. ಒತ್ತಿದರು ಎನ್ನುವ ಹಾಗಿಲ್ಲ, ಬಿಟ್ಟರು ಎನ್ನುವ ಹಾಗೂ ಇಲ್ಲ. ಬೆಸುಗೆಯವನು ಕೂಡ ರೇಡಿಯೋ ಆರಿಸಿದ. ಮಧ್ಯಾಹ್ನದ ಹೊತ್ತಿಗೆ ಎರಡು ತಗಡು, ಮೂವತ್ತೆರಡು ಹೆಸರು ಮುಗಿದವು. ಒಂದೂ ಬಾಗಿರಲಿಲ್ಲ.

ಮೂರನೆಯದಕ್ಕೆ ಅಕ್ಕನ ಕಣ್ಣಲ್ಲಿ ನೀರು ಸುರಿಯತೊಡಗಿತು. ಒರೆಸಿದರೂ ನಿಲ್ಲಲಿಲ್ಲ.

“ನೀನು ಕೂರು,” ಎಂದರು.

“ನಾನಾ? ಬೇಡ ಅಕ್ಕಾ, ನಾಳೆ ಶುಕ್ರವಾರ.”

“ನಾಳೆ ಶುಕ್ರವಾರ ಅಂತ್ಲೇ ಕೂರು ಅಂದಿದ್ದು.”

ಕೂತ. ಏಳು ಹೆಸರು ಸರಾಗವಾಗಿ ಬಂದವು. ಎಂಟನೆಯದು ‘ಒಳ ೪೦’. ಸೊನ್ನೆಯನ್ನು ಸುತ್ತಿ ಮುಗಿಸಿ ಮೊನೆ ಎತ್ತುವಾಗ ಬೆವರಿದ ಬೆರಳು ಜಾರಿತು. ತಗಡಿನ ಮೇಲೆ, ಸೊನ್ನೆಯ ಪಕ್ಕದಲ್ಲಿ, ಮೇಲಿಂದ ಕೆಳಕ್ಕೆ ಉಗುರಿನಷ್ಟುದ್ದದ ಬಿಳಿ ಗೀರು ಎದ್ದಿತು.

ಅವನು ಕೈ ಹಿಂದೆಗೆದುಕೊಂಡು ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ.

ಅಕ್ಕ ಭೂತಗನ್ನಡಿ ಹಿಡಿದು ಗೀರನ್ನು ನೋಡಿದರು. ನಕ್ಷೆಯನ್ನು ನೋಡಿದರು. ಮತ್ತೆ ಗೀರನ್ನು ನೋಡಿದರು. “ನಲವತ್ತಾದ ಮೇಲೆ ಏನಿದೆ?”

“ಹೊರ ಒಂದು.”

“ಒಳಗೆ ಬರೋವು ಮುಗಿದವು, ಹೊರಗೆ ಹೋಗೋವು ಶುರು. ಅಲ್ವಾ? ಕತ್ತಲಲ್ಲಿ ಅವಸರಕ್ಕೆ ಮೈಕಿನ ವೈರನ್ನ ಈ ಕಡೆ ಹಾಕಿದ್ರೆ ಗತಿ ಏನು?” ಕಣ್ಣೊರೆಸಿಕೊಂಡು, ಉಕ್ಕಿನ ಪಟ್ಟಿಯನ್ನು ಮೊನೆಯ ಪಕ್ಕಕ್ಕೆ ಆನಿಸಿ ಕೊಟ್ಟರು. “ಗೀರಿನ ಮೇಲೇ, ಮೇಲಂಚಿನಿಂದ ಕೆಳಗಿನ ತನಕ ಒಂದು ಗೆರೆ ಎಳಿ. ಸ್ವಲ್ಪ ದಪ್ಪ ಇರ್ಲಿ. ಅಲ್ಲಿ ಬೇಲಿ ಬೇಕಿತ್ತು, ನಕ್ಷೆಯವನಿಗೆ ಹೊಳೆದಿರ್ಲಿಲ್ಲ.”

ಗೆರೆ ಎಳೆದ. ಗೀರು ಅದರೊಳಗೆ ಮುಳುಗಿಹೋಯಿತು. ಉಳಿದ ಎಂಟು ಹೆಸರುಗಳನ್ನು ಕೆತ್ತುವಾಗ ತಾನೂ ತಿರುವಿನಲ್ಲಿ ಉಸಿರು ಹಿಡಿಯುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಬೆಸುಗೆಯವನ ಗಮನಕ್ಕೆ ಬಂತು.

ಶುಕ್ರವಾರ ಯಜಮಾನರು ಬಂದು, ಜೋಡಿಸಿದ ಮಿಕ್ಸರನ್ನು ಸುತ್ತಿ ಹಿಂಬದಿಗೆ ಬಂದವರು ನಿಂತೇಬಿಟ್ಟರು. “ಇದೇನು, ಒಂದೇ ಮಾತು ಎರಡೆರಡು ಸಲ? ನಕ್ಷೇಲಿ ಹೀಗಿರಲಿಲ್ಲವಲ್ಲ.”

“ಇರಲಿಲ್ಲ ಸಾರ್,” ಎಂದ ಟೀವಿ. ಅಕ್ಕ ಬಾಯಿ ತೆರೆಯುವ ಮುಂಚೆ ತಾನೇ ಹೇಳಿಬಿಡಬೇಕೆಂದು ರಾತ್ರಿಯೇ ತೀರ್ಮಾನಿಸಿದ್ದ. “ನಕ್ಷೆಯವರ ತಪ್ಪು ಅಂದ್ಕೊಂಡು, ಅವರ ಮರ್ಯಾದೆ ಹೋಗದಿರ್ಲಿ ಅಂತ ಯಾರನ್ನೂ ಕೇಳದೆ ಮೊದಲು ನಾನು ತಪ್ಪು ಕೆತ್ತಿದೆ. ಆಮೇಲೆ ಎರಡನೇ ಸಾಲು ಕೆತ್ತಿದ್ವಿ.”

“ಅಂದ್ರೆ ತಪ್ಪು ಮುಚ್ಚೋಕೆ ಇದು?”

“ತಪ್ಪು ಮುಚ್ಚೋಕಾಗಿದ್ರೆ ನಾನು ಕಣ್ಣು ಕಳ್ಕೋತಿದ್ನಾ?” ಎಂದರು ಅಕ್ಕ. “ಯಂತ್ರ ತಗೊಂಡು ಹೋಗೋರು ಬಂದಿದ್ದಾರೆ. ಅವರನ್ನೇ ಕೇಳಿ.”

ಸೌಂಡಿನವರು ಬಾಗಿಲಲ್ಲಿದ್ದರು. ಏನನ್ನೂ ಕೇಳದೆ ಮುಂದಿನಿಂದ ಬಗ್ಗಿ, ಮಿಕ್ಸರಿನ ಮೇಲೆ ಹೊಟ್ಟೆ ಊರಿ, ಆಚೆಗೆ ತಲೆ ಹಾಕಿ ನೋಡಿದರು. ಎದ್ದು ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ನಲವತ್ತರ ಪಕ್ಕದ ಗೆರೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಸವರಿದರು.

“ಈ ಗೆರೆ ಕತ್ತಲಲ್ಲೂ ಕೈಗೆ ಸಿಗುತ್ತೆ,” ಎಂದರು. “ಹೋದ ವರ್ಷ ಇದಿದ್ದಿದ್ರೆ ಒಂದು ಸ್ಪೀಕರು ಉಳೀತಿತ್ತು.” ಆಮೇಲೆ ಯಜಮಾನರಿಗೆ, “ಇನ್ಮೇಲೆ ಮಾಡೋದಕ್ಕೆಲ್ಲ ಹೀಗೇ ಮಾಡಿ. ಹೊರಗಿನವರಿಗೆ ಬೈಯೋಕೆ ನೆಪ ಇಲ್ಲ ಅನ್ನೋದೊಂದೇ ಬೇಜಾರು.”

ಯಜಮಾನರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. “ನಕ್ಷೆಯವನಿಗೆ ಹೇಳಿ ಬದಲಾಯಿಸ್ತೀನಿ.” ಟೀವಿಯತ್ತ ತಿರುಗಿ, “ಸೋಮವಾರ ಫೋಟೋ ಎರಡು ತಗೊಂಡು ಬಾಪ್ಪ, ಖಾಯಂ ಪತ್ರಕ್ಕೆ. ಇನ್ನು ಮುಂದೆ ನಕ್ಷೇಲಿ ಅನುಮಾನ ಬಂದ್ರೆ ನಕ್ಷೆಯವನ ಮರ್ಯಾದೆ ಬಗ್ಗೆ ಯೋಚನೆ ಮಾಡ್ಬೇಡ. ಅವನಿಗೆ ಅದು ಅಷ್ಟೊಂದಿಲ್ಲ.”

“ಫೋಟೋ ನೆಟ್ಟಗಿರ್ಲಿ ಟೀವಿ,” ಎಂದ ಬೆಸುಗೆಯವನು.

ಸಂಜೆ ಹೊರಡುವಾಗ ಅಕ್ಕ ಹಿತ್ತಾಳೆ ಅಕ್ಷರಗಳ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಸೆರಗಿಗೆ ಕಟ್ಟಿಕೊಳ್ಳುವ ಬದಲು ಅವನ ಮೇಜಿನ ಮೇಲಿಟ್ಟು ಹೋದರು.

ಮನೆಗೆ ಬಂದಾಗ ಟೀವಿ ಪೆಟ್ಟಿಗೆ ಮೂಕವಾಗಿತ್ತು. ಕಪಾಟಿನ ಗೂಡಿನಲ್ಲಿ ಕೂರಿಸಿದ ಅದರ ವೈರೊಂದು ಕಳಚಿಕೊಂಡಿತ್ತು. ಹೆಂಡತಿ ಸ್ಟೂಲಿನ ಮೇಲೆ ಹತ್ತಿ, ಮೇಲಿಂದ ಬಗ್ಗಿ, ಒಂದು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು ತಡಕಾಡುತ್ತಿದ್ದಳು.

“ಬಂದ್ರಾ? ಊರಿಗೆಲ್ಲ ಉಪಕಾರಿ, ಮನೆಗೆ ಮಾತ್ರ ಮಾರಿ. ಹದಿನೈದು ವರ್ಷ ಇದರ ಮೇಲೆ ಬರೆದಿದ್ದು ನೀವೇ ತಾನೇ? ಬನ್ನಿ, ನೀವೇ ಓದಿ. ನನಗೆ ಎಲ್ಲ ತಲೆಕೆಳಗು ಕಾಣ್ತಿದೆ.”

ಅವನು ಸ್ಟೂಲು ಹತ್ತಿ ಬಗ್ಗಿದ. ತನ್ನದೇ ಅಚ್ಚು. ಅಂಗಡಿಯಲ್ಲಿ ಹಿಂದೆ ನಿಂತು ನೋಡುವವನಿಗೆ ಎಷ್ಟು ಅಂದವಾಗಿ ಕಾಣುತ್ತಿತ್ತೋ ಈ ಕಡೆಯಿಂದ ಅಷ್ಟೇ ಅಧ್ವಾನವಾಗಿತ್ತು. ಗೂಡಿನ ಕತ್ತಲಲ್ಲಿ ಹಳದಿಗೂ ಬಿಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಸ್ಟೂಲು ಹತ್ತಿ ತನ್ನ ವಂಶಾವಳಿ ನೆನೆಸಿಕೊಂಡಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

“ಒಂದು ಬಿಳಿ ಟೇಪು, ಒಂದು ಪೆನ್ನು ಕೊಡು,” ಎಂದ ಕೆಳಗೆ ನಿಂತಿದ್ದ ಹಿರಿಮಗಳಿಗೆ.

ಅವಳು ತಂದುಕೊಟ್ಟಳು. ಅಪ್ಪ ಟೇಪಿನ ತುಂಡುಗಳ ಮೇಲೆ ಬರೆದು, ಒಂದೊಂದನ್ನೂ ತಿರುಗಿಸಿ ತೂತುಗಳ ನೆತ್ತಿಗೆ ಅಂಟಿಸುವುದನ್ನು ನೋಡಿದಳು.

“ಅಪ್ಪಾ, ಉಲ್ಟಾ ಅಂಟಿಸ್ತಿದ್ದೀರ.”

“ಹೌದು. ಹತ್ತಿ ಬಾ, ಇಲ್ಲಿಂದ ನೋಡು.”

ಅವಳು ಸ್ಟೂಲು ಹತ್ತಿ ಅವನ ತೋಳಿನ ಕೆಳಗಿನಿಂದ ತಲೆ ತೂರಿಸಿ ನೋಡಿದಳು. ಓದಿದಳು. ಕಳಚಿದ ವೈರನ್ನು ತಾನೇ ಹಿಡಿದು ಸಿಕ್ಕಿಸಿದಳು; ಪೆಟ್ಟಿಗೆಯಿಂದ ಸದ್ದು ಬಂತು.

“ಕೆಲಸ ಖಾಯಂ ಆಯ್ತಾ ಅಪ್ಪಾ?” ಎಂದಳು, ಇನ್ನೂ ಹಾಗೇ ಬಗ್ಗಿಕೊಂಡು.

“ಆಯ್ತು.”

“ಹಾಗಾದ್ರೆ ನನಗೆ ಅಂಗಡಿಯಿಂದ ಏನೋ ಒಂದು ಬೇಕು,” ಎಂದು ಅವಳು ಅವನ ಮುಖದ ಕಡೆ ತಿರುಗಿದಳು.